ಮೇಣಬತ್ತಿ ಉರಿದ ಮೇಲೆ ಉಳಿಯುವುದೇನು?

ದೀಪಾವಳಿ ಮುಗಿದ ಮರುದಿನ ಬೆಳಗಾವಿಯ ಶಹಾಪುರದಲ್ಲಾಗಲಿ, ಟಿಳಕವಾಡಿಯಲ್ಲಾಗಲಿ ಅಂಗಳ ಗುಡಿಸುವವರ ಕಸಬರಿಗೆಗೆ ಪಟಾಕಿಯ ಚೂರುಗಳ ಜೊತೆಗೆ ಇನ್ನೊಂದು ವಸ್ತುವೂ ಸಿಗುತ್ತದೆ. ಎರಡು ಬೆರಳಗಲದ, ಒಳಗೆ ಮಸಿ ಹಿಡಿದ, ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲು ಅದು. ಅಂಗಡಿಯವರು ಟೀ ಲೈಟ್ ಎಂದು ಮಾರುವ ಪುಟ್ಟ ಮೇಣಬತ್ತಿಯ ಅವಶೇಷ. ಸಾಲಾಗಿ ಹಚ್ಚಿಟ್ಟರೆ ನೋಡಲು ಚೆಂದ. ಎಣ್ಣೆ ಚೆಲ್ಲುವ ಭಯವಿಲ್ಲ, ಬತ್ತಿ ಹೊಸೆಯುವ ಕೆಲಸವಿಲ್ಲ. ಉರಿಯುವುದು ಸುಮಾರು ನಾಲ್ಕು ತಾಸು. ಆಮೇಲೆ ಕಸ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿಗೆ ಇದೇ ಬಟ್ಟಲು, ವರ್ಷವಿಡೀ ಹುಟ್ಟುಹಬ್ಬದ ಕೇಕಿನ ಮೇಲೆ ಪ್ಲಾಸ್ಟಿಕ್ ಕಾಲಿನ ಪುಟಾಣಿ ಮೇಣಬತ್ತಿ.

ಮೇಣಬತ್ತಿಯಿಂದ ಎಂಥ ಕಸ, ಅದು ಉರಿದೇ ಹೋಗುತ್ತದಲ್ಲ ಎಂದು ಮಕ್ಕಳು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಮೇಣವೇನೋ ಉರಿದು ಹೋಗುತ್ತದೆ. ಪ್ಯಾರಾಫಿನ್ ಮೇಣವೆಂದರೆ ಕಾರ್ಬನ್ ಮತ್ತು ಹೈಡ್ರೋಜನ್ನಿನ ಉದ್ದುದ್ದ ಸರಪಳಿಗಳು. ಒಂದು ಗ್ರಾಂ ಮೇಣ ಪೂರ್ತಿ ಉರಿದರೆ ಸುಮಾರು 3 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮತ್ತು 1.3 ಗ್ರಾಂ ನೀರಿನ ಆವಿ ಗಾಳಿಗೆ ಸೇರುತ್ತವೆ. ಒಂದು ಗ್ರಾಂ ಹೋಗಿ ನಾಲ್ಕು ಗ್ರಾಂಗಿಂತ ಹೆಚ್ಚಾಯಿತಲ್ಲ ಎಂದು ಹುಬ್ಬೇರಿಸಬೇಕಾಗಿಲ್ಲ, ಉಳಿದದ್ದು ಗಾಳಿಯಿಂದ ಬಂದ ಆಕ್ಸಿಜನ್. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಒಂದು ಮೇಣಬತ್ತಿಯನ್ನೇ ಮುಂದಿಟ್ಟುಕೊಂಡು ಮಕ್ಕಳಿಗೆ ಆರು ಉಪನ್ಯಾಸ ಕೊಟ್ಟಾಗ ಹೇಳಿದ ಸಂಗತಿಗಳಲ್ಲಿ ಇದೂ ಒಂದು. ಆದರೆ ಫ್ಯಾರಡೆಯ ಮೇಣಬತ್ತಿಗೆ ಅಲ್ಯೂಮಿನಿಯಂ ಬಟ್ಟಲು ಇರಲಿಲ್ಲ. ಇಂದಿನ ಕಸ ಇರುವುದು ಉರಿಯುವ ಭಾಗದಲ್ಲಲ್ಲ, ಉರಿಯದೆ ಉಳಿಯುವ ಬಿಡಿಭಾಗಗಳಲ್ಲಿ: ಬಟ್ಟಲು, ಬತ್ತಿಯನ್ನು ನೆಟ್ಟಗೆ ನಿಲ್ಲಿಸುವ ತಗಡಿನ ಬಿಲ್ಲೆ, ಕೆಲವು ಬತ್ತಿಗಳ ನಡುವೆ ಇರುವ ಲೋಹದ ಎಳೆ. ಈ ಎಳೆ ಹಿಂದೆ ಸೀಸದ್ದೂ ಇರುತ್ತಿತ್ತು. ಉರಿಯುವಾಗ ಮನೆಯೊಳಗಿನ ಗಾಳಿಗೆ ಸೀಸ ಸೇರುತ್ತದೆಂದು ತಿಳಿದು ಅಮೆರಿಕ 2003ರಲ್ಲಿ ಅಂಥ ಬತ್ತಿಗಳನ್ನು ನಿಷೇಧಿಸಿತು.

ಹಾಗಾದರೆ ಈ ಬಿಡಿಭಾಗಗಳನ್ನು ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುವಂತೆ ಮಾಡಲಾಗದೇ? ಸುಲಭದ ಮಾತಲ್ಲ. ಬೆಂಕಿಯ ಪಕ್ಕದಲ್ಲಿ ನಾಲ್ಕು ತಾಸು ನಿಂತು ಉರಿದುಹೋಗದ ವಸ್ತು ಬೇಕು, ಅದೇ ವಸ್ತು ಮಣ್ಣಿಗೆ ಬಿದ್ದರೆ ನಾಲ್ಕು ತಿಂಗಳಲ್ಲಿ ಗುರುತು ಸಿಗದಂತೆ ಕರಗಲೂ ಬೇಕು. ಸೂಕ್ಷ್ಮಜೀವಿಗಳು ತಿನ್ನಬಲ್ಲ ಕಾಗದ, ನಾರು, ಕಬ್ಬಿನ ಸಿಪ್ಪೆ, ಅಡಿಕೆ ಹಾಳೆ ಎಲ್ಲವೂ ಬೆಂಕಿಗೂ ಪ್ರಿಯ. ಬೆಂಕಿ ತಡೆಯುವ ಲೋಹ, ಗಾಜು ಸೂಕ್ಷ್ಮಜೀವಿಗಳಿಗೆ ಬೇಡ.

ಬತ್ತಿಯ ಪಾಠ

ಇಂಥದೇ ಒಂದು ಸಮಸ್ಯೆಯನ್ನು ಹಿಂದಿನವರು ಬಿಡಿಸಿದ ರೀತಿ ಸ್ವಾರಸ್ಯವಾಗಿದೆ. ಇನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಮೇಣಬತ್ತಿ ಹಚ್ಚಿದವರು ಕೈಯಲ್ಲಿ ಕತ್ತರಿ ಹಿಡಿದೇ ಕೂರಬೇಕಿತ್ತು. ಬರೇ ಹೊಸೆದ ಬತ್ತಿ ಜ್ವಾಲೆಯ ನಡುವೆ ನೆಟ್ಟಗೆ ನಿಲ್ಲುತ್ತಿತ್ತು. ಅಲ್ಲಿ ಆಕ್ಸಿಜನ್ ಕಡಿಮೆ. ಬತ್ತಿ ಕರಿದಾಗುತ್ತಿತ್ತೇ ಹೊರತು ಉರಿದುಹೋಗುತ್ತಿರಲಿಲ್ಲ. ಉದ್ದವಾದ ಕರಿ ತುದಿ ಹೊಗೆ ಕಾರುತ್ತಿತ್ತು. 1825ರ ಸುಮಾರಿಗೆ ಫ್ರಾನ್ಸಿನ ಕಾಂಬಾಸೆರೆಸ್ ಬತ್ತಿಯನ್ನು ಹೊಸೆಯುವ ಬದಲು ಜಡೆಯಂತೆ ಹೆಣೆದ. ಹೆಣೆದ ಬತ್ತಿ ಉರಿಯುತ್ತಾ ಒಂದು ಪಕ್ಕಕ್ಕೆ ಬಾಗುತ್ತದೆ; ತುದಿ ಜ್ವಾಲೆಯ ಹೊರ ಅಂಚಿಗೆ, ಅಂದರೆ ಅತಿ ಹೆಚ್ಚು ಬಿಸಿಯೂ ಗಾಳಿಯೂ ಇರುವ ಜಾಗಕ್ಕೆ ಬಂದು ತಾನೇ ಬೂದಿಯಾಗುತ್ತದೆ. ಕತ್ತರಿಯ ಕೆಲಸ ಹೋಯಿತು. ಹೊಸ ಪದಾರ್ಥವೇನೂ ಬರಲಿಲ್ಲ, ಅದೇ ಹತ್ತಿ. ಬದಲಾದದ್ದು ಅದರ ಹೆಣಿಗೆ ಮಾತ್ರ. ಇಂದು ಉರಿಯುವ ಬತ್ತಿಗಳೂ ಈ ವಂಶದವೇ. ಬೈಲಹೊಂಗಲದ ಎರೆಭೂಮಿಯ ಹತ್ತಿಯಿಂದ ಹೆಣೆದರೂ ಅಷ್ಟೇ, ಕಸ ಉಳಿಯದು.

ಬಟ್ಟಲಿಗೆ ಬರೋಣ. ಅಲ್ಯೂಮಿನಿಯಂ ಬೆಳಗಾವಿಗೆ ಅಪರಿಚಿತವಲ್ಲ. ನಗರದ ಯಮನಾಪುರದಲ್ಲಿ ಹಿಂಡಾಲ್ಕೋದ ಕಾರ್ಖಾನೆ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ಎಂಬ ಬಿಳಿ ಪುಡಿ ತೆಗೆಯುತ್ತದೆ. ಸುಮಾರು ನಾಲ್ಕು ಟನ್ ಬಾಕ್ಸೈಟಿಗೆ ಎರಡು ಟನ್ ಅಲ್ಯೂಮಿನಾ, ಎರಡು ಟನ್ ಅಲ್ಯೂಮಿನಾಕ್ಕೆ ಒಂದು ಟನ್ ಲೋಹ. ಒಂದು ಕಿಲೋ ಲೋಹವನ್ನು ಆಕ್ಸಿಜನ್ನಿನ ಹಿಡಿತದಿಂದ ಬಿಡಿಸಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಇಷ್ಟು ಕಷ್ಟದಿಂದ ಪಡೆದ ಲೋಹವನ್ನು ನಾಲ್ಕು ತಾಸು ಬಳಸಿ ತಿಪ್ಪೆಗೆ ಎಸೆಯುವುದು ಬುದ್ಧಿವಂತರ ಲೆಕ್ಕವಲ್ಲ. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಿ ಮತ್ತೆ ಬಳಸಿದರೆ ಆ ಶಕ್ತಿಯಲ್ಲಿ ನೂರಕ್ಕೆ 95ರಷ್ಟು ಉಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಈಗಾಗಲೇ ಇರುವ ಬಟ್ಟಲುಗಳನ್ನು ಡಬ್ಬಿಯಲ್ಲಿ ಕೂಡಿಟ್ಟು ಗುಜರಿಯವರಿಗೆ ಕೊಡುವುದೇ ಸರಿ. ಹಸಿ ಕಸದ ಬುಟ್ಟಿಗೆ ಹಾಕಿದರೆ ಅದು ಪಾಲಿಕೆಯ ತುರಮುರಿ ಘಟಕದವರೆಗೆ ಕೊಳೆತ ತರಕಾರಿಯ ಜೊತೆ ಹೋಗಿ ಗೊಬ್ಬರದಲ್ಲಿ ಚೂರಾಗಿ ಸೇರಿಕೊಳ್ಳಬಹುದು.

ಅರವತ್ತು ಡಿಗ್ರಿಯ ಇಕ್ಕಟ್ಟು

ಗೊಬ್ಬರವಾಗುವ ಪ್ಲಾಸ್ಟಿಕ್ ಇದೆಯಲ್ಲ, ಅದರ ಬಟ್ಟಲು ಮಾಡಿದರಾಯಿತು ಎನ್ನುವವರುಂಟು. ದೇಶದಲ್ಲಿ 2022ರ ಜುಲೈ 1ರಿಂದ ಹಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳು ನಿಷೇಧವಾದವು. ಬಲೂನಿನ ಕಡ್ಡಿ, ತಟ್ಟೆ, ಲೋಟ, ಚಮಚಗಳು ಆ ಪಟ್ಟಿಯಲ್ಲಿವೆ. ಕೇಕಿನ ಮೇಲಿನ ಮೇಣಬತ್ತಿಯ ಪ್ಲಾಸ್ಟಿಕ್ ಕಾಲಿನ ಹೆಸರು ಅಲ್ಲಿಲ್ಲ. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ವಿನಾಯಿತಿಯಿದೆ, ಆದರೆ ಅದು ಐಎಸ್/ಐಎಸ್‌ಒ 17088 ಎಂಬ ಮಾನಕಕ್ಕೆ ಹೊಂದಬೇಕು. ಮಾನಕದ ಪ್ರಕಾರ ವಸ್ತು 12 ವಾರಗಳಲ್ಲಿ ಪುಡಿಯಾಗಿ ನೂರಕ್ಕೆ 90 ಪಾಲು 2 ಮಿಲಿಮೀಟರ್ ಜರಡಿಯಿಂದ ಇಳಿಯಬೇಕು. 180 ದಿನಗಳೊಳಗೆ ಅದರ ಕಾರ್ಬನ್ನಿನ ನೂರಕ್ಕೆ 90 ಪಾಲು ಕಾರ್ಬನ್ ಡೈಆಕ್ಸೈಡ್ ಆಗಬೇಕು. ಈ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ.

ಆ 58ರಲ್ಲಿಯೇ ಇಕ್ಕಟ್ಟು ಅಡಗಿದೆ. ಇಂಥ ಪ್ಲಾಸ್ಟಿಕ್ಕುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪಿಎಲ್ಎ, ಜೋಳದ ಅಥವಾ ಕಬ್ಬಿನ ಸಕ್ಕರೆಯಿಂದ ಹುಟ್ಟಿದ್ದು. ಅದು ಮೆತ್ತಗಾಗುವುದು 55ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ. ಮೆತ್ತಗಾದಾಗಲೇ ನೀರೂ ಸೂಕ್ಷ್ಮಜೀವಿಗಳೂ ಅದರ ಸರಪಳಿಯನ್ನು ಬೇಗ ಮುರಿಯಬಲ್ಲವು. ಆದರೆ ಮೇಣಬತ್ತಿಯ ಕರಗಿದ ಮೇಣವೂ ಅಷ್ಟೇ ಬಿಸಿ, ಕೆಲವೊಮ್ಮೆ ಹೆಚ್ಚೇ. ಗೊಬ್ಬರದ ರಾಶಿಯಲ್ಲಿ ವರವಾದ ಗುಣ ದೀಪದಲ್ಲಿ ಶಾಪ: ಬಟ್ಟಲು ಸೊಟ್ಟಗಾಗಿ ಬಿಸಿ ಮೇಣ ಮೇಜಿನ ಮೇಲೆ ಹರಿಯುತ್ತದೆ. ಮನೆಯ ಹಿತ್ತಲಿನ ಪುಟ್ಟ ಕುಂಡದ ಗೊಬ್ಬರವಂತೂ 58 ಡಿಗ್ರಿ ಮುಟ್ಟುವುದು ಅಪರೂಪ. ಅಲ್ಲಿ ಈ ಪ್ಲಾಸ್ಟಿಕ್ ವರ್ಷ ಕಳೆದರೂ ಹಾಗೆಯೇ ಬಿದ್ದಿರಬಹುದು. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ ಕಂಡ ಕೂಡಲೇ ಮರುಳಾಗುವ ಮೊದಲು ಪಾಲಕರು ಕೇಳಬೇಕಾದ ಪ್ರಶ್ನೆ, ಎಲ್ಲಿ ಮತ್ತು ಎಷ್ಟು ಶಾಖದಲ್ಲಿ ಗೊಬ್ಬರವಾಗುತ್ತದೆ ಎಂಬುದು.

ಇತ್ತೀಚೆಗೆ ಸೆಗಣಿಯ ಪಣತಿಗಳೂ ಬಂದಿವೆ. ತಿಪ್ಪೆಯಲ್ಲಿ ಅವು ಕರಗುವುದರಲ್ಲಿ ಅನುಮಾನವಿಲ್ಲ. ಆದರೆ ಒಣ ಸೆಗಣಿ ಎಂದರೆ ಕುಳ್ಳು, ಕುಳ್ಳು ಎಂದರೆ ಉರುವಲು. ಎಣ್ಣೆ ಮುಗಿದು ಜ್ವಾಲೆ ಅಂಚಿಗೆ ಇಳಿದರೆ ಪಣತಿಯೇ ಹೊತ್ತಿಕೊಳ್ಳುತ್ತದೆ. ಪರದೆಯ ಹತ್ತಿರ, ಮರದ ಕಿಟಕಿಯ ಮೇಲೆ ಇಡುವ ವಸ್ತುವಲ್ಲ ಅದು.

ಖಾನಾಪುರದ ಮಣ್ಣು

ಬೆಳಗಾವಿಯಿಂದ ಗೋವಾದ ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ಹೋದರೆ ಮಲಪ್ರಭೆಯ ದಂಡೆಯ ಖಾನಾಪುರ. ಕುಂಬಾರಿಕೆಗೆ, ಹೆಂಚು ಇಟ್ಟಿಗೆಗಳಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕಾ ಸಂಸ್ಥೆ ಇರುವುದೂ ಇಲ್ಲಿಯೇ. ಕಸವಾಗದ ದೀಪ ಬೇಕೆಂದರೆ ಯಾರಿಗಾದರೂ ಮೊದಲು ನೆನಪಾಗುವುದು ಮಣ್ಣಿನ ಪಣತಿ. ಮಣ್ಣಿನಿಂದ ಬಂದದ್ದು, ಮಣ್ಣಿಗೆ ಹೋಗುತ್ತದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ.

ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಜೇಡಿಮಣ್ಣಿನ ಖನಿಜಗಳು ತೆಳು ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಹಾಳೆಗಳ ನಡುವಿನ ನೀರೇ ಮಣ್ಣಿಗೆ ಜಿಗುಟು ಕೊಡುವುದು. ಬಿಸಿಲಿನಲ್ಲಿ ಒಣಗಿಸಿದರೆ ಈ ನೀರು ಮಾತ್ರ ಹೋಗುತ್ತದೆ, ಮತ್ತೆ ನೀರು ಬಿದ್ದರೆ ಮಣ್ಣು ಮತ್ತೆ ಕೆಸರು. ಆದರೆ ಆವಿಗೆಯಲ್ಲಿ ಸುಮಾರು 500ರಿಂದ 600 ಡಿಗ್ರಿ ದಾಟಿದಾಗ ಖನಿಜದ ರಚನೆಯೊಳಗೇ ಬಂಧಿತವಾದ ಹೈಡ್ರಾಕ್ಸಿಲ್ ಅಂಶ ನೀರಾಗಿ ಹೊರಟುಹೋಗಿ ಹಾಳೆಗಳ ಜೋಡಣೆ ಕುಸಿಯುತ್ತದೆ. ಕುಂಬಾರರ ಸಾಮಾನ್ಯ ಭಟ್ಟಿ ಇದಕ್ಕಿಂತ ಹೆಚ್ಚೇ ಕಾಯುತ್ತದೆ. ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ. ಸುಟ್ಟ ಪಣತಿಯನ್ನು ವರ್ಷಗಟ್ಟಲೆ ನೀರಿನಲ್ಲಿಟ್ಟರೂ ಅದು ಜೇಡಿಮಣ್ಣಾಗದು. ಸಾಕ್ಷಿ ಬೆಳಗಾವಿಯಲ್ಲಿಯೇ ಇದೆ: ವಡಗಾವಿ-ಮಾಧವಪುರದಲ್ಲಿ ಅಗೆದಾಗ ಸಿಕ್ಕ ಶಾತವಾಹನರ ಕಾಲದ ಊರನ್ನು ವಿದ್ವಾಂಸರು ಓದಿದ್ದು ಅಲ್ಲಿನ ಮಡಕೆ ಚೂರುಗಳನ್ನೂ ನೋಡಿಯೇ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದರೂ ಅವು ಮಣ್ಣಾಗಲಿಲ್ಲ!

ಹಾಗೆಂದು ಪಣತಿ ಕೆಟ್ಟದ್ದೆಂದಲ್ಲ. ಅದರ ಚೂರು ವಿಷವಲ್ಲ, ಕುಂಡದ ತಳಕ್ಕೆ ಹಾಕಿದರೆ ನೀರು ಬಸಿಯಲು ಅನುಕೂಲ. ಆದರೆ ಅದರ ನಿಜವಾದ ಗುಣ ಕೊಳೆಯುವುದಲ್ಲ, ಬಾಳಿಕೆ ಬರುವುದು. ಹಾಗಾಗಿ ಒಂದೇ ಮಣ್ಣಿಗೆ ಎರಡು ಕೆಲಸ ಹಂಚಬಹುದು. ಬಟ್ಟಲನ್ನು ಸುಟ್ಟ ಮಣ್ಣಿನಲ್ಲಿ ಮಾಡಿ ವರ್ಷಾನುಗಟ್ಟಲೆ ಇಟ್ಟುಕೊಳ್ಳುವುದು. ಮೇಣದ ಬಿಲ್ಲೆಯನ್ನು ಬಟ್ಟಲಿಲ್ಲದೆ ಕೊಂಡು ಅಥವಾ ಅಚ್ಚು ಹಾಕಿ ಅದರೊಳಗೆ ಕೂರಿಸುವುದು. ಪ್ರತಿಸಲ ಖರ್ಚಾಗುವ ಬತ್ತಿಯ ಬುಡದ ಬಿಲ್ಲೆಯನ್ನು ಮಾತ್ರ ಸುಡದ, ನೆರಳಿನಲ್ಲಿ ಒಣಗಿಸಿದ ಮಣ್ಣಿನಲ್ಲಿ ಮಾಡುವುದು. ಗಣೇಶ ಚೌತಿಯಲ್ಲಿ ಹಸಿಮಣ್ಣಿನ ಮೂರ್ತಿ ಬಕೆಟ್ಟಿನಲ್ಲಿ ಕರಗುವುದನ್ನು ನೋಡಿದ ಮಕ್ಕಳಿಗೆ ಇದು ಹೊಸದೇನಲ್ಲ. ಮಣ್ಣು ಉರಿಯುವುದಿಲ್ಲ, ನೀರು ಕಂಡರೆ ಬಿಚ್ಚಿಕೊಳ್ಳುತ್ತದೆ. ಬೇಕಿದ್ದ ಎರಡೂ ಗುಣಗಳು ಒಂದೆಡೆ ಸಿಕ್ಕವು.

ಪೂರ್ತಿ ಸಿಗಲಿಲ್ಲ ಎನ್ನುವುದೇ ಸರಿ. ತಗಡಿನ ಬಿಲ್ಲೆಗೆ ಒಂದು ಪುಟ್ಟ ಕುತ್ತಿಗೆಯಿರುವುದನ್ನು ಗಮನಿಸಿರಬಹುದು. ಮೇಣ ಮುಗಿಯುತ್ತಾ ಬಂದು ಅದರ ಮಟ್ಟ ಕುತ್ತಿಗೆಗಿಂತ ಕೆಳಗಿಳಿದರೆ ಬತ್ತಿಗೆ ಮೇಣ ಏರದೆ ಜ್ವಾಲೆ ತಾನಾಗಿ ನಂದುತ್ತದೆ. ಬಟ್ಟಲಿನ ತಳ ಸುಡದಂತೆ ಕಾಯುವ ಕಾವಲುಗಾರ ಅದು. ಮಣ್ಣಿನ ಬಿಲ್ಲೆಗೂ ಆರೇಳು ಮಿಲಿಮೀಟರಿನ ಕುತ್ತಿಗೆ ಬೇಕು. ಆದರೆ ಸುಡದ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳಿವೆ. ದ್ರವ ಮೇಣ ಅದರೊಳಗೇ ಏರಿ ಬಿಲ್ಲೆಯೇ ಬತ್ತಿಯಂತೆ ವರ್ತಿಸಬಹುದು. ಕುಂಬಾರರ ಬಳಿ ಇದಕ್ಕೊಂದು ಹಳೆಯ ಉಪಾಯವಿದೆ. ಅರೆ ಒಣಗಿದ ಮಡಕೆಯನ್ನು ನುಣುಪು ಹರಳುಕಲ್ಲಿನಿಂದ ಉಜ್ಜುತ್ತಾರೆ. ಮೇಲ್ಮೈಯ ಕಣಗಳು ಒತ್ತಾಗಿ ಕೂತು ರಂಧ್ರಗಳು ಬಹುಮಟ್ಟಿಗೆ ಮುಚ್ಚುತ್ತವೆ. ಬಿಲ್ಲೆಗೂ ಅದೇ ಮಾಡಬೇಕು. ಇನ್ನೊಂದು ತೊಡಕು: ಮೇಣ ಹೀರಿದ ಮಣ್ಣಿನೊಳಗೆ ನೀರು ಸುಲಭವಾಗಿ ಹೋಗದು. ಉರಿದ ಬಿಲ್ಲೆಯನ್ನು ಬಿಸಿ ನೀರಿಗೆ ಹಾಕಿದರೆ ಮೇಣ ಮೇಲೆ ತೇಲುತ್ತದೆ, ಆರಿದ ಮೇಲೆ ಕೆನೆಯಂತೆ ತೆಗೆದು ಮತ್ತೆ ಬಳಸಬಹುದು, ಮಣ್ಣು ತಳಕ್ಕೆ ಇಳಿಯುತ್ತದೆ. ಪ್ಯಾರಾಫಿನ್ ಮೇಣವನ್ನು ಹಾಗೆಯೇ ಗೊಬ್ಬರದ ಗುಂಡಿಗೆ ಹಾಕುವುದು ಬೇಡ. ಸೂಕ್ಷ್ಮಜೀವಿಗಳು ಅದನ್ನು ಒಡೆಯುವುದು ಬಹಳ ನಿಧಾನ.

ಸಸ್ಯಮೂಲದ ಮೇಣವಾದರೆ ಈ ತಾಪತ್ರಯ ಕಡಿಮೆ. ಪಶ್ಚಿಮಘಟ್ಟದ ಧೂಪದ ಮರದ ಬೀಜದ ಕೊಬ್ಬಿನಿಂದ 19ನೇ ಶತಮಾನದಲ್ಲಿ ಕರಾವಳಿಯ ಕಡೆ ಮೇಣಬತ್ತಿ ಮಾಡುತ್ತಿದ್ದರು. ಘಟ್ಟದ ಮುರುಗಲು ಬೀಜದ ತುಪ್ಪವೂ ಗಟ್ಟಿಯೇ, ಆದರೆ ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಅದರ ನಿಂತ ಮೇಣಬತ್ತಿ ತಲೆ ಬಾಗಿಸೀತು. ಬಟ್ಟಲಿನೊಳಗಿನ ದೀಪಕ್ಕೆ ಈ ದೋಷ ದೊಡ್ಡದಲ್ಲ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದನ್ನು ಎತ್ತಿಕೊಳ್ಳುವ ವಿದ್ಯಾರ್ಥಿಗಳು ಎರಡು ಪರೀಕ್ಷೆಗಳನ್ನು ತಪ್ಪಿಸಬಾರದು. ಮೊದಲನೆಯದು ಬೆಂಕಿಯದು. ಮಣ್ಣಿನ ಬಿಲ್ಲೆ, ಕಾಗದದ ರೊಟ್ಟಿನ ಬಿಲ್ಲೆ, ಅಡಿಕೆ ಹಾಳೆಯ ಬಿಲ್ಲೆ, ತಗಡಿನದು, ಹೀಗೆ ನಾಲ್ಕು ಬಗೆಯವನ್ನು ಮರಳು ತುಂಬಿದ ಸ್ಟೀಲ್ ತಾಟಿನಲ್ಲಿ, ದೊಡ್ಡವರು ಪಕ್ಕದಲ್ಲಿದ್ದು, ಕೊನೆಯ ಹನಿ ಮೇಣದವರೆಗೆ ಉರಿಯಗೊಡಬೇಕು. ಮೊದಲ ಅರ್ಧ ಗಂಟೆ ಎಲ್ಲವೂ ಸಾಧುವಾಗಿಯೇ ಕಾಣುತ್ತವೆ. ಗುಣ ಗೊತ್ತಾಗುವುದು ಕೊನೆಯ ಐದು ನಿಮಿಷದಲ್ಲಿ. ಮಣ್ಣಿನ ಬಿಲ್ಲೆ ವಾರವಾದರೂ ಒಣಗಿರಬೇಕು, ಒಳಗೆ ತೇವವಿದ್ದರೆ ಆವಿಯಾಗಿ ಸಿಡಿದೀತು. ಎರಡನೆಯದು ಮಣ್ಣಿನದು. ಉಳಿದ ಬಿಲ್ಲೆಗಳನ್ನು ಮೇಣ ತೆಗೆದು, ತೂಗಿ, ಸೊಳ್ಳೆಪರದೆಯ ಬಟ್ಟೆಯ ಚೀಲಗಳಲ್ಲಿ ಕಟ್ಟಿ ಗೊಬ್ಬರದ ಗುಂಡಿಯಲ್ಲಿ ಒಂದೇ ಆಳಕ್ಕೆ ಹೂಳಬೇಕು. ಪ್ರತಿ ವಾರ ಗುಂಡಿಯ ಶಾಖ ಬರೆದಿಡಬೇಕು, ಥರ್ಮಾಮೀಟರನ್ನು ಶಾಲೆಯ ಪ್ರಯೋಗಾಲಯದಿಂದ ತರಬಹುದು. ಮಾನಕದ 12 ವಾರವೆಂದರೆ 84 ದಿನ. ದೀಪಾವಳಿಯ ಮರುದಿನ ಹೂತರೆ ಚೀಲ ಬಿಚ್ಚಿ 2 ಮಿಲಿಮೀಟರ್ ಜರಡಿ ಹಿಡಿಯುವುದು ಸಂಕ್ರಾಂತಿ ಕಳೆದ ಮೇಲೆ.