ಚೆಂಡಿನ ಹಿಂದೆ ಒಂದು ನಾಣ್ಯ

2021ರ ಆಗಸ್ಟ್ 7, ಶನಿವಾರ. ಅಂದು ಬೆಳಗ್ಗೆ ನಿಮ್ಮ ಮನೆಯಲ್ಲೂ ಟಿ.ವಿ. ಬೇಗನೇ ಹಾಕಿದ್ದಿರಬಹುದು. ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದಾಳೆ ಅಂತ ಎಲ್ಲೆಲ್ಲೂ ಸುದ್ದಿ. ಆಟ ಯಾವುದು? ಗಾಲ್ಫ್! ಕ್ರಿಕೆಟ್ಟಾದರೆ ನೋಬಾಲ್ ಯಾವುದು, ಎಲ್‌ಬಿಡಬ್ಲ್ಯು ಯಾವುದು ಅಂತ ಈಗ ನಮಗೂ ಒಂದಿಷ್ಟು ಗೊತ್ತು. ಗಾಲ್ಫ್ ಎಂದರೆ ದೊಡ್ಡವರ ಆಟ, ನಮಗೇಕೆ ಎಂದು ಚಾನೆಲ್ ತಿರುಗಿಸಿಬಿಡುವವರೇ ಹೆಚ್ಚು. ಆದರೆ ಅಂದು ನಮ್ಮ ಹುಡುಗಿ ಆಡುತ್ತಿದ್ದಳಲ್ಲ, ಒಲೆಯ ಮೇಲೆ ಉಪ್ಪಿಟ್ಟಿಗೆ ಎಸರಿಟ್ಟು ಬಂದು ನಾನೂ ನಿಂತು ನೋಡಿದೆ. ಅದಿತಿಯ ಕೋಲುಗಳ ಚೀಲ ಹೊತ್ತು ಜೊತೆಯಲ್ಲಿ ನಡೆಯುತ್ತಿದ್ದವರು ಬೇರೆ ಯಾರೂ ಅಲ್ಲ, ಅವಳ ತಾಯಿ ಮಹೇಶ್ವರಿ. ಹೆತ್ತ ತಾಯಿ ಮಗಳ ಹೊರೆ ಹೊತ್ತು ನಡೆಯುವುದನ್ನು ನೋಡಿದ ಮೇಲೆ ಎದ್ದು ಹೋಗಲು ಮನಸ್ಸಾದರೂ ಬರುತ್ತದೆಯೇ?

ನೋಡುತ್ತಾ ನೋಡುತ್ತಾ ಒಂದು ವಿಷಯ ಮಾತ್ರ ನನಗೆ ಬಗೆಹರಿಯಲಿಲ್ಲ. ಚೆಂಡು ಕುಳಿಯ ಹತ್ತಿರ ಬಂದು ನಿಂತೊಡನೆ ಆಟಗಾರ್ತಿ ಬಗ್ಗಿ ಅದರ ಹಿಂದೆ ನಾಣ್ಯದಂಥ ಏನನ್ನೋ ಇಡುತ್ತಾಳೆ. ಚೆಂಡನ್ನು ಎತ್ತಿ ಒರೆಸುತ್ತಾಳೆ. ಮತ್ತೆ ಅದೇ ಜಾಗದಲ್ಲಿಟ್ಟು ನಾಣ್ಯವನ್ನು ತೆಗೆದುಕೊಳ್ಳುತ್ತಾಳೆ. ಪೂಜೆಗೆ ಕೂತವರು ಕಲಶ ಇಡುವಷ್ಟು ನಾಜೂಕು! ಇದೇನು ಶಾಸ್ತ್ರ ಎಂದು ತಿಳಿಯುವ ಹುಚ್ಚು ಹತ್ತಿತು. ಓದಿದೆ, ತಿಳಿದವರನ್ನು ಕೇಳಿದೆ. ಆ ಪುಟ್ಟ ನಾಣ್ಯದ ಹಿಂದೆ ಇಷ್ಟು ದೊಡ್ಡ ಕಥೆಗಳಿವೆ ಅಂತ ಆಮೇಲೆ ತಿಳಿಯಿತು. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳೋಣ ಅಂತ ಕೂತಿದ್ದೇನೆ.

ಗ್ರೀನ್ ಎಂದರೇನು?

ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಕುಳಿಗಳು. ಒಂದೊಂದು ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್. ದೂರದಿಂದ ಹೊಡೆಯುತ್ತಾ ಬಂದು ಚೆಂಡನ್ನು ಆ ಕುಳಿಗೆ ಬೀಳಿಸಬೇಕು. ಕುಳಿಯ ಸುತ್ತ ಹುಲ್ಲನ್ನು ಬಹಳ ಗಿಡ್ಡವಾಗಿ ಕತ್ತರಿಸಿ, ರತ್ನಗಂಬಳಿ ಹಾಸಿದಂತೆ ಮಾಡಿರುತ್ತಾರೆ. ಆ ಜಾಗಕ್ಕೇ ಗ್ರೀನ್ ಎನ್ನುವುದು. ಅಲ್ಲಿ ಬೀಸಿ ಹೊಡೆಯುವುದಿಲ್ಲ. ಪಟರ್ ಎಂಬ ಕೋಲಿನಿಂದ ಚೆಂಡನ್ನು ಮೆಲ್ಲನೆ ಉರುಳಿಸುತ್ತಾರೆ.

ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ ನಾಲ್ಕು ದಿನ ಆಡಿ, ಎಲ್ಲ ಹೊಡೆತಗಳನ್ನೂ ಕೂಡಿಸುತ್ತಾರೆ. ಯಾರ ಮೊತ್ತ ಕಡಿಮೆಯೋ ಅವರೇ ಗೆದ್ದಂತೆ. ಮುನ್ನೂರು ಗಜ ಹಾರಿದ ಹೊಡೆತವೂ ಒಂದೇ, ಕುಳಿಯ ಪಕ್ಕದಲ್ಲಿ ಮೂರು ಅಂಗುಲ ಉರುಳಿಸಿದ್ದೂ ಒಂದೇ! ತಪ್ಪು ಮಾಡಿದರೆ ದಂಡ ಎಂದು ಒಂದು ಅಥವಾ ಎರಡು ಹೊಡೆತ ಲೆಕ್ಕಕ್ಕೆ ಸೇರುತ್ತದೆ. ಕೇರಂನಲ್ಲಿ ಸ್ಟ್ರೈಕರ್ ಬಿದ್ದರೆ ಗಳಿಸಿದ ಕಾಯಿ ವಾಪಸ್ಸು ಇಡುತ್ತೇವಲ್ಲ, ಹಾಗೆಯೇ ಅನ್ನಿ.

ಯಾವ ತಪ್ಪಿಗೆ ಎಷ್ಟು ದಂಡ?

ಗಾಲ್ಫಿನ ನಿಯಮಗಳನ್ನು ಮಾಡುವ ಸಂಸ್ಥೆಗಳು ಎರಡು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ ಒಂದು, ಅಮೆರಿಕದ ಯು.ಎಸ್.ಜಿ.ಎ. ಇನ್ನೊಂದು. ಹೊಡೆತ ಎಣಿಸಿ ಆಡುವ ಪಂದ್ಯದಲ್ಲಿ ಗ್ರೀನ್ ಮೇಲಿನ ಮುಖ್ಯ ನಿಯಮಗಳು ಹೀಗಿವೆ:

ಚೆಂಡನ್ನು ಎತ್ತುವ ಮೊದಲು ಅದರ ಹಿಂದೆಯೋ ಪಕ್ಕದಲ್ಲೋ ನಾಣ್ಯದಂಥ ಗುರುತು ಇಡಲೇಬೇಕು. ಗುರುತಿಡದೆ ಎತ್ತಿದರೆ ಒಂದು ಹೊಡೆತ ದಂಡ.

ಎತ್ತಿದ ಚೆಂಡನ್ನು ಮೊದಲಿದ್ದ ಜಾಗದಲ್ಲೇ ಇಡಬೇಕು. ಬೇರೆ ಜಾಗದಲ್ಲಿಟ್ಟು ಹೊಡೆದರೆ ಎರಡು ಹೊಡೆತ ದಂಡ. ನಮ್ಮ ಗುರುತು ಇನ್ನೊಬ್ಬರ ದಾರಿಗೆ ಅಡ್ಡವಾದರೆ ಅದನ್ನು ಅಳೆದು ಪಕ್ಕಕ್ಕೆ ಸರಿಸಿ ಕೊಡುವ ಪದ್ಧತಿಯಿದೆ. ಅವರ ಸರದಿ ಮುಗಿದ ಮೇಲೆ ಅದನ್ನು ಹಿಂದಕ್ಕೆ ಸರಿಸಲು ಮರೆತು ಆಡಿದರೆ, ಅದಕ್ಕೂ ಎರಡು.

ಗ್ರೀನ್ ಮೇಲಿಂದ ಉರುಳಿಸಿದ ನಮ್ಮ ಚೆಂಡು ಅಲ್ಲೇ ನಿಂತಿರುವ ಇನ್ನೊಬ್ಬರ ಚೆಂಡಿಗೆ ತಗುಲಿದರೂ ಎರಡು. ಹುಲ್ಲು ಎಷ್ಟು ನುಣುಪಾಗಿದೆ ಎಂದು ತಿಳಿಯಲು ಬೇಕೆಂದೇ ಅಂಗೈಯಿಂದ ಉಜ್ಜಿ ನೋಡುವುದು, ಚೆಂಡು ಉರುಳಿಸಿ ಪರೀಕ್ಷಿಸುವುದು ಕೂಡದು. ಅದಕ್ಕೂ ಎರಡೇ.

ಇನ್ನೊಂದು ನಿಯಮ ಬಲು ಸೊಗಸು. ಚೆಂಡು ಕುಳಿಯ ಅಂಚಿಗೆ ಬಂದು, ಬೀಳಲೋ ಬೇಡವೋ ಎಂದು ತೂಗಾಡುತ್ತಾ ನಿಂತಿದೆ ಅನ್ನಿ. ಆಗ ಕುಳಿಯ ಬಳಿಗೆ ನಡೆದು ಬರಲು ಬೇಕಾದಷ್ಟು ಹೊತ್ತು, ಅದರ ಮೇಲೆ ಬರೀ 10 ಸೆಕೆಂಡ್ ಕಾಯಬಹುದು. ಅಷ್ಟರೊಳಗೆ ಬಿದ್ದರೆ ಹಿಂದಿನ ಹೊಡೆತದಲ್ಲೇ ಬಿದ್ದ ಲೆಕ್ಕ. ಹನ್ನೊಂದನೆಯ ಸೆಕೆಂಡಿಗೆ ಬಿದ್ದರೆ ಬಿದ್ದದ್ದೇನೋ ಸರಿ, ಆದರೆ ಒಂದು ಹೊಡೆತ ದಂಡ!

ಇದರ ಜೊತೆಗೆ ದಂಡವಿಲ್ಲದ ಒಂದು ಮರ್ಯಾದೆಯೂ ಉಂಟು. ಇನ್ನೊಬ್ಬರ ಚೆಂಡು ಕುಳಿಗೆ ಉರುಳಬೇಕಾದ ದಾರಿಯನ್ನು ಯಾರೂ ತುಳಿಯುವುದಿಲ್ಲ. ಪಕ್ಕದ ಮನೆಯವರ ರಂಗೋಲಿ ದಾಟುವಾಗ ಸೀರೆ ನೆರಿಗೆ ಎತ್ತಿಕೊಂಡು ಸುತ್ತಿ ಹೋಗುವುದಿಲ್ಲವೇ ನಾವು, ಅದೇ ಥರ.

ಅರ್ಧಬೆರಳಿನ ತಪ್ಪು, ನಾಲ್ಕು ಹೊಡೆತದ ದಂಡ

ಇಷ್ಟಕ್ಕೆಲ್ಲ ಯಾರು ಲೆಕ್ಕವಿಡುತ್ತಾರೆ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅಮೆರಿಕದ ಲೆಕ್ಸಿ ಥಾಮ್ಸನ್ ಕಥೆ ತಿಳಿದ ಮೇಲೆ ಆ ಮಾತು ಬಿಟ್ಟೆ.

2017ರ ಏಪ್ರಿಲ್ 1, ಶನಿವಾರ. ಕ್ಯಾಲಿಫೋರ್ನಿಯಾದ ರಾಂಚೋ ಮಿರಾಜ್ ಎಂಬ ಊರಿನಲ್ಲಿ ಎ.ಎನ್.ಎ. ಇನ್‌ಸ್ಪಿರೇಷನ್ ಎಂಬ ಪಂದ್ಯ. ಮಹಿಳಾ ಗಾಲ್ಫಿನ ಅತಿ ದೊಡ್ಡ ಪಂದ್ಯಗಳಲ್ಲಿ ಅದೂ ಒಂದು. ಲೆಕ್ಸಿಗೆ ಆಗ 22 ವರ್ಷ. 2014ರಲ್ಲೇ, 19ರ ವಯಸ್ಸಿನಲ್ಲಿ ಅದೇ ಪಂದ್ಯ ಗೆದ್ದಿದ್ದವಳು. ಮೂರನೆಯ ದಿನ 17ನೆಯ ಕುಳಿಯಲ್ಲಿ ಅವಳ ಚೆಂಡು ಕುಳಿಯಿಂದ ಒಂದಡಿಯಷ್ಟು ದೂರದಲ್ಲಿ ನಿಂತಿತು. ಮಕ್ಕಳೂ ಬೀಳಿಸಬಹುದಾದ ಚೆಂಡು. ಹಾಗೇ ಹೊಡೆದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳು ಬಗ್ಗಿ ಗುರುತಿಟ್ಟಳು, ಎತ್ತಿದಳು, ಮತ್ತೆ ಇಟ್ಟಳು, ಬೀಳಿಸಿದಳು. ಮತ್ತೆ ಇಟ್ಟಾಗ ಚೆಂಡು ಮೊದಲಿನ ಜಾಗದಿಂದ ತುಸುವೇ, ಅರ್ಧಬೆರಳಿನಷ್ಟು ಅನ್ನಿ, ಪಕ್ಕಕ್ಕೆ ಬಂದಿತ್ತು. ಜೊತೆಗೆ ಆಡುತ್ತಿದ್ದವರಿಗೆ ಕಾಣಲಿಲ್ಲ, ಅಧಿಕಾರಿಗಳಿಗೂ ಕಾಣಲಿಲ್ಲ, ಅವಳಿಗೇ ಗೊತ್ತಾಗಲಿಲ್ಲ. ಸಂಜೆ ಸ್ಕೋರ್ ಕಾರ್ಡಿಗೆ ಸಹಿ ಹಾಕಿ ಹೋದಳು.

ಮರುದಿನ ಭಾನುವಾರ, ಕೊನೆಯ ದಿನ. ಲೆಕ್ಸಿಯೇ ಎಲ್ಲರಿಗಿಂತ ಮುಂದೆ. 12ನೆಯ ಕುಳಿ ಮುಗಿಸಿ ಹೊರಡುವಾಗ ಅಧಿಕಾರಿ ಬಂದು ಸುದ್ದಿ ಹೇಳಿದರು. ಯಾರೋ ಒಬ್ಬರು ಮನೆಯಲ್ಲಿ ಕೂತು ಟಿ.ವಿ.ಯಲ್ಲಿ ನೋಡಿ, ಈ ತಪ್ಪಾಗಿದೆ ಎಂದು ಇಮೇಲ್ ಕಳಿಸಿದ್ದರು. ಚಿತ್ರ ಮತ್ತೆ ಹಾಕಿ ನೋಡಿದರೆ ತಪ್ಪು ನಿಜ. ತಪ್ಪು ಜಾಗದಿಂದ ಆಡಿದ್ದಕ್ಕೆ ಎರಡು ಹೊಡೆತ. ಆ ದಂಡ ಸೇರಿಸದ ಕಾರ್ಡಿಗೆ ಸಹಿ ಹಾಕಿದ್ದಕ್ಕೆ ಇನ್ನೆರಡು. ಒಟ್ಟು ನಾಲ್ಕು!

ಪಾಪ, ಹುಡುಗಿಯ ಕಣ್ಣಲ್ಲಿ ನೀರು ಬಂತು. ಆದರೂ ಆಟ ಬಿಟ್ಟು ಹೋಗಲಿಲ್ಲ. ಕಣ್ಣೊರೆಸಿಕೊಂಡು ಮುಂದಿನ ಕುಳಿಯನ್ನೇ ಒಂದು ಹೊಡೆತ ಉಳಿಸಿ ಮುಗಿಸಿದಳು. ಕೊನೆಯ ಕುಳಿಯಲ್ಲೂ ಒಂದು ಉಳಿಸಿ, ದಕ್ಷಿಣ ಕೊರಿಯಾದ ರ್‍ಯು ಸೋ ಯಾನ್ ಜೊತೆ ಸಮನಾದಳು. ಸಮನಾದವರು ಮತ್ತೆ ಒಂದು ಕುಳಿ ಆಡಿದಾಗ ಗೆದ್ದದ್ದು ರ್‍ಯು.

ಇದು ನ್ಯಾಯವೇ? ಮೊದಲ ಸಲ ಕೇಳಿದಾಗ ನನಗೂ ಸಿಟ್ಟು ಬಂತು. ಮನೆಯಲ್ಲಿ ಕಾಲು ಚಾಚಿ ಕೂತವರೊಬ್ಬರ ಕಾಗದಕ್ಕೆ ಇಷ್ಟು ಬೆಲೆಯೇ ಅನ್ನಿಸಿತು. ಆದರೆ ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ರ್‍ಯು ಕೂಡ ಒಬ್ಬ ತಾಯಿಯ ಮಗಳೇ. ಅವಳು ಎಲ್ಲವನ್ನೂ ಸರಿಯಾದ ಜಾಗದಿಂದಲೇ ಆಡಿದ್ದಳಲ್ಲ? ಒಬ್ಬರಿಗೆ ಅರ್ಧಬೆರಳು ಬಿಟ್ಟುಕೊಟ್ಟರೆ ನಾಳೆ ಇನ್ನೊಬ್ಬರಿಗೆ ಒಂದು ಗೇಣು ಬಿಡಬೇಕಾಗುತ್ತದೆ.

ತನಗೆ ತಾನೇ ದಂಡ

ಇನ್ನೊಂದು ಹಳೆಯ ಸಂಗತಿ ಕೇಳಿ. 1926ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ ಯು.ಎಸ್. ಓಪನ್ ನಡೆದಿತ್ತು. ಎರಡನೆಯ ಸುತ್ತಿನಲ್ಲಿ ಬಾಬಿ ಜೋನ್ಸ್ ಎಂಬ ಪ್ರಸಿದ್ಧ ಆಟಗಾರ 15ನೆಯ ಗ್ರೀನ್ ಮೇಲೆ ಕೋಲು ಹಿಡಿದು ನಿಂತಾಗ, ಚೆಂಡು ತುಸು ಹೊರಳಿತು. ಹೊಡೆಯುವ ಮೊದಲೇ ಚೆಂಡು ಹೊರಳಿತು ಎಂದು ಹೇಳಿ, ಜೋನ್ಸ್ ತನಗೆ ತಾನೇ ಒಂದು ಹೊಡೆತ ದಂಡ ಹಾಕಿಕೊಂಡರು. ಹಿಂದಿನ ವರ್ಷ ಅದೇ ಪಂದ್ಯದಲ್ಲಿ ಹುಲ್ಲಿನ ನಡುವೆ ಚೆಂಡು ಅಲುಗಿದಾಗಲೂ ಹೀಗೇ ಮಾಡಿದ್ದರು. ಕೊನೆಗೆ ಸಮನಾಗಿ, ಮರು ಆಟದಲ್ಲಿ ಸೋತಿದ್ದರು. ಆ ಏಟು ಮರೆಯುವ ಮುಂಚೆಯೇ ಎರಡನೆಯ ಸಲವೂ ಬಾಯಿಬಿಟ್ಟು ಹೇಳಿದರಲ್ಲ, ಅದು ದೊಡ್ಡತನ. ಈ ಸಲ ದೇವರು ಕಣ್ಣುಬಿಟ್ಟ ಅನ್ನಬೇಕು, 1926ರ ಪಂದ್ಯವನ್ನು ಜೋನ್ಸ್ ಒಂದೇ ಹೊಡೆತದಿಂದ ಗೆದ್ದರು!

ಕ್ರಿಕೆಟ್ಟಿನಲ್ಲಿರುವಂತೆ ಗಾಲ್ಫಿನಲ್ಲಿ ಅಂಪೈರು ಹೊಡೆತ ಹೊಡೆತಕ್ಕೂ ಪಕ್ಕದಲ್ಲಿ ನಿಂತಿರುವುದಿಲ್ಲ. ತನ್ನ ತಪ್ಪನ್ನು ತಾನೇ ಹೇಳಬೇಕು ಎಂಬುದೇ ಈ ಆಟದ ತಳಪಾಯ.

ನಿಯಮವೂ ಕಣ್ಣು ತೆರೆಯಿತು

ಆದರೆ ನಿಯಮ ಮಾಡಿದವರೂ ಮನುಷ್ಯರೇ. ಲೆಕ್ಸಿಗಾದ ನೋವು ದೊಡ್ಡ ಚರ್ಚೆಯಾಯಿತು. ಅದೇ ತಿಂಗಳೇ ಒಂದು ತಿದ್ದುಪಡಿ ಬಂತು: ಬರಿಗಣ್ಣಿಗೆ ಕಾಣಲು ಸಾಧ್ಯವೇ ಇಲ್ಲದ ತಪ್ಪನ್ನು ಕ್ಯಾಮೆರಾ ಹಿಗ್ಗಿಸಿ ತೋರಿಸಿದ ಮಾತ್ರಕ್ಕೆ ದಂಡ ಹಾಕಬಾರದು. 2018ರ ಜನವರಿ 1ರಿಂದ ಇನ್ನೂ ಎರಡು ಬದಲಾವಣೆಗಳಾದವು. ದೊಡ್ಡ ಪಂದ್ಯಗಳಲ್ಲಿ ಟಿ.ವಿ. ನೋಡುವವರ ದೂರುಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಗೊತ್ತಿಲ್ಲದ ದಂಡವನ್ನು ಕಾರ್ಡಿನಲ್ಲಿ ಬರೆಯದಿದ್ದರೆ ಮತ್ತೆರಡು ಹೊಡೆತ ಸೇರಿಸುವ ಪದ್ಧತಿಯನ್ನೂ ಬಿಟ್ಟರು.

2019ರಲ್ಲಿ ಇಡೀ ನಿಯಮ ಪುಸ್ತಕವನ್ನೇ ಹೊಸದಾಗಿ ಬರೆದರು. ಈಗ ಗ್ರೀನ್ ಮೇಲೆ ಕಾಲೋ ಕೋಲೋ ತಗುಲಿ ಚೆಂಡು ಆಕಸ್ಮಿಕವಾಗಿ ಸರಿದರೆ ದಂಡವಿಲ್ಲ, ಮತ್ತೆ ಮೊದಲಿನ ಜಾಗದಲ್ಲಿಟ್ಟರೆ ಸಾಕು. ಬಾಬಿ ಜೋನ್ಸ್‌ಗೆ ಆದದ್ದು ಇಂದು ಆಗಿದ್ದರೆ ಆ ಒಂದು ಹೊಡೆತ ಉಳಿಯುತ್ತಿತ್ತು! ಕುಳಿಯಲ್ಲಿ ನೆಟ್ಟ ಬಾವುಟದ ಕೋಲಿಗೆ ಗ್ರೀನ್ ಮೇಲಿಂದ ಹೊಡೆದ ಚೆಂಡು ತಗುಲಿದರೆ ಮೊದಲು ಎರಡು ಹೊಡೆತ ದಂಡವಿತ್ತು. ಈಗ ಅದೂ ಇಲ್ಲ. ಬೂಟಿನ ಮೊಳೆಯಿಂದಾದ ಗುರುತುಗಳನ್ನು ಸರಿಮಾಡಿಕೊಳ್ಳಲೂ ಅಡ್ಡಿಯಿಲ್ಲ.

ಆದರೆ ತಪ್ಪು ಜಾಗದಿಂದ ಆಡಿದರೆ ಮಾತ್ರ ಇಂದಿಗೂ ಎರಡು ಹೊಡೆತವೇ. ಏಕೆ ಈ ಭೇದ? ಯೋಚಿಸಿದರೆ ಅರ್ಥವಾಗುತ್ತದೆ. ಚೆಂಡನ್ನು ತಪ್ಪು ಜಾಗದಲ್ಲಿಟ್ಟೆ ಎಂದು ಹೊಡೆಯುವ ಮೊದಲೇ ನೆನಪಾದರೆ, ಎತ್ತಿ ಸರಿಯಾದ ಜಾಗದಲ್ಲಿಡಲು ನಿಯಮವೇ ಅವಕಾಶ ಕೊಡುತ್ತದೆ. ಅದಕ್ಕೆ ದಂಡವಿಲ್ಲ. ತಿದ್ದಿಕೊಳ್ಳುವವರಿಗೆ ಕ್ಷಮೆಯುಂಟು, ತಿದ್ದಿಕೊಳ್ಳದೆ ಮುಂದೆ ಹೋದವರಿಗೆ ದಂಡ. ಸಾರಿಗೆ ಉಪ್ಪು ಹೆಚ್ಚಾದರೆ ಬಡಿಸುವ ಮೊದಲು ಸರಿಮಾಡಬಹುದು. ಎಲೆಗೆ ಬಿದ್ದ ಮೇಲೆ ಏನು ಮಾಡುತ್ತೀರಿ?

ಒಂದೇ ಒಂದು ಹೊಡೆತ

ಮತ್ತೆ ನಮ್ಮ ಅದಿತಿಗೆ ಬರೋಣ. ಅಂದು ಅಮೆರಿಕದ ನೆಲ್ಲಿ ಕೊರ್ಡಾ ನಾಲ್ಕು ದಿನಗಳಲ್ಲಿ 267 ಹೊಡೆತಗಳಿಗೆ ಆಟ ಮುಗಿಸಿ ಚಿನ್ನ ಗೆದ್ದಳು. ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ತಲಾ 268 ಹೊಡೆದು, ಮರು ಆಟದಲ್ಲಿ ಬೆಳ್ಳಿ, ಕಂಚು ಹಂಚಿಕೊಂಡರು. ಅದಿತಿಯ ಮೊತ್ತ 269! ಕೊನೆಯ ಗ್ರೀನ್ ಮೇಲೆ ಅವಳು ಉರುಳಿಸಿದ ಚೆಂಡು ಕುಳಿಗೆ ಬೀಳದೆ ಹೋದಾಗ ನಮ್ಮ ಮನೆಯಲ್ಲಿ ಎಲ್ಲರೂ 'ಅಯ್ಯೋ' ಅಂದುಬಿಟ್ಟೆವು. ಒಂದೇ ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಮರು ಆಟದಲ್ಲಿ ಅವಳೂ ಇರುತ್ತಿದ್ದಳು.

ಹೀಗೆ ಒಂದು ಹೊಡೆತದ ಬೆಲೆ ತಿಳಿದ ಮೇಲೆ ಆ ನಾಣ್ಯದ ಶಾಸ್ತ್ರವೂ ನನಗೆ ತಿಳಿಯಿತು. ಪದಕ ತರುವುದೂ ಕಳೆಯುವುದೂ ಒಂದೇ ಹೊಡೆತವಾಗಿರುವಾಗ, ಅರ್ಧಬೆರಳು ಮುಂದಿಡುವ ಆಸೆ ಯಾರಿಗೆ ಬಾರದು? ಆದರೂ ಬಗ್ಗಿ, ಗುರುತಿಟ್ಟು, ಇದ್ದಲ್ಲೇ ಇಟ್ಟು ಆಡುತ್ತಾರಲ್ಲ, ಪದಕ ಬರಲಿ ಬಿಡಲಿ, ಅದನ್ನು ಮೆಚ್ಚಬೇಕಾದ್ದೇ.

ಮುಂದಿನ ಸಲ ಟಿ.ವಿ.ಯಲ್ಲಿ ಗಾಲ್ಫ್ ಬಂದರೆ ಚಾನೆಲ್ ತಿರುಗಿಸಬೇಡಿ. ಗ್ರೀನ್ ಮೇಲೆ ಆಟಗಾರ್ತಿ ಬಗ್ಗಿದಾಗ ಅವಳ ಬೆರಳುಗಳನ್ನು ನೋಡಿ, ಮಕ್ಕಳನ್ನೂ ಕರೆದು ತೋರಿಸಿ. ರಜೆಯಲ್ಲಿ ಅವರು ಕೇರಂ ಆಡುವಾಗ, ಯಾರೂ ನೋಡದಿದ್ದರೂ "ನನ್ನ ಕೈ ತಾಗಿ ಕಾಯಿ ಸರಿಯಿತು ಕಣೋ" ಎಂದು ಮಗುವೊಂದು ತಾನಾಗಿ ಹೇಳಿದರೆ ಗದರಬೇಡಿ. ಕಾಯಿ ಇದ್ದಲ್ಲೇ ಇಡು ಮಗೂ ಅನ್ನಿ, ಮುಂದಿನ ಆಟ ಆಡಲಿ.