ಸರದಿಯ ನ್ಯಾಯ

ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ತರುವಾಯ ಒಂದು ಬರುವವು. ಹಳಿ ಒಂಟಿಯಾಗಿದ್ದ ಕಾಲದಲ್ಲಿ ಪ್ಯಾಸೆಂಜರ ಗಾಡಿಯು ಬದಿಯ ಹಳಿಯಲ್ಲಿ ನಿಂತು ವೇಗದ ಗಾಡಿಗೆ ದಾರಿ ಬಿಡುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಅವಸರದವರಿಗೆ ಮೊದಲ ಸ್ಥಾನ ಕೊಡುವದು ಯೋಗ್ಯವೇ. ಆದರೆ ವೇಗದ ಗಾಡಿಗಳು ಬರುತ್ತಲೇ ಇದ್ದರೆ ನಿಂತ ಗಾಡಿಯ ಗತಿಯೇನು?

ಇಂದು ನಮ್ಮ ಮನೆಗಳಿಗೆ ಬರುವ ಸುದ್ದಿಗೂ ಇದೇ ಪ್ರಶ್ನೆಯುಂಟು. ಪರದೇಶದ ಮಗಳ ಮಾತು, ಬ್ಯಾಡಗಿ ಪೇಟೆಯ ಮೆಣಸಿನಕಾಯಿಯ ದರ, ಕೊನೆಯ ದಿನ ಕಳುಹಿಸಿದ ವಿದ್ಯಾರ್ಥಿವೇತನದ ಅರ್ಜಿ, ಇವೆಲ್ಲವೂ ಚಿಕ್ಕ ಕಟ್ಟುಗಳಾಗಿ ಒಂದೇ ಜಾಲದಲ್ಲಿ ಹರಿಯುವವು. ದಾರಿಗಳು ಕೂಡುವಲ್ಲಿ ಸ್ವಿಚ್ಚೆಂಬ ಯಂತ್ರವು ಅವುಗಳನ್ನು ಸಾಲಾಗಿ ನಿಲ್ಲಿಸಿ ಮುಂದೆ ಬಿಡುವದು. ಕಟ್ಟಿನ ಮೇಲೆ 0ಯಿಂದ 7ರ ವರೆಗೆ ದರ್ಜೆಯ ಗುರುತು ಹಾಕಬಹುದು. ಮಾತು ತಡೆದರೆ ತುಂಡಾಗುವದು, ಪತ್ರವು ತುಸು ತಡೆದರೆ ಕೆಡದು. ಆದಕಾರಣ ಮಾತಿಗೆ ಮೇಲಿನ ದರ್ಜೆ. ಆದರೆ ಮೇಲಿನ ಸಾಲು ಬರಿದಾದ ಹೊರತು ಕೆಳಗಿನದನ್ನು ಬಿಡಬಾರದೆಂದರೆ, ಆ ಅರ್ಜಿಯು ಉಪವಾಸ ಬೀಳುವದು.

1985ರಲ್ಲಿ ಜಾನ್ ನೇಗಲರು, ಕಳುಹಿಸುವವರಿಗೆಲ್ಲ ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಒಂದೊಂದು ಕಟ್ಟು ಬಿಡಬೇಕೆಂದರು. ಇದರಲ್ಲಿಯೂ ಕೊರತೆಯಿತ್ತು. ನಲ್ಲಿಯ ಬಳಿ ಒಬ್ಬಳು ತಂಬಿಗೆಯನ್ನೂ ಇನ್ನೊಬ್ಬಳು ಹಂಡೆಯನ್ನೂ ತಂದರೆ, ಸರದಿ ಸಮವಾದರೂ ನೀರು ಸಮವಲ್ಲ. 1989ರಲ್ಲಿ ಡೆಮರ್ಸ್, ಕೇಶವ, ಶೆಂಕರ್ ಎಂಬವರು ಕಟ್ಟಿನ ಅಳತೆಯನ್ನೂ ಲೆಕ್ಕಕ್ಕೆ ಹಿಡಿದರು. ಆದರೆ ಸಾಲುಗಳು ಸಾವಿರಗಟ್ಟಲೆಯಾದಾಗ ಆ ಲೆಕ್ಕವು ಯಂತ್ರಕ್ಕೆ ಭಾರವಾಗುವದು.

1995ರಲ್ಲಿ ಶ್ರೀಧರ ಹಾಗೂ ಜಾರ್ಜ್ ವರ್ಗೀಸರು ಸುಲಭೋಪಾಯ ತೋರಿಸಿದರು. ಪ್ರತಿ ಸುತ್ತಿನಲ್ಲಿ ಪ್ರತಿ ಸಾಲಿಗೂ ಒಂದು ಕಂತು ಜಮೆ. ಕಂತು 1500, ಕಟ್ಟು 1000 ಬೈಟಿನದೆನ್ನೋಣ. ಮೊದಲ ಸುತ್ತಿನಲ್ಲಿ ಒಂದು ಕಟ್ಟು ಹೋಗಿ 500 ಉಳಿಯುವದು. ಮರುಸುತ್ತಿನಲ್ಲಿ ಜಮೆಯು 2000 ಆಗಿ ಎರಡು ಕಟ್ಟುಗಳು ಹೋಗುವವು. ಸಾಲು ಬರಿದಾದರೆ ಅದರ ಉಳಿಕೆಯೂ ಶೂನ್ಯ. ಇಲ್ಲದವರು ಕೂಡಿಟ್ಟುಕೊಂಡು ಮುಂದೆ ಎಲ್ಲರನ್ನೂ ತಡೆಯಲಾಗದು. ಕಂತು ಅತಿ ದೊಡ್ಡ ಕಟ್ಟಿಗಿಂತ ಕಡಿಮೆಯಾಗದಿದ್ದರೆ, ಸಾಲುಗಳು ಎಷ್ಟು ಹೆಚ್ಚಿದರೂ ಒಂದು ಕಟ್ಟಿಗೆ ತಗಲುವ ಕೆಲಸ ಹೆಚ್ಚದು. ದರ್ಜೆ ಹೆಚ್ಚಿನ ಸಾಲಿಗೆ ದೊಡ್ಡ ಕಂತು ಕೊಡಬಹುದು. ತಡೆಯಲಾರದ ಮಾತನ್ನು ಮೊದಲೇ ಬಿಡಬಹುದು, ಆದರೆ ಅದಕ್ಕೊಂದು ಮಿತಿಯಿರಬೇಕು.

ಎಲ್ಲರಿಗೂ ಒಂದೇ ವೇಗ ಬೇಕೆಂದು ನಾವು ಹೇಳುವದಿಲ್ಲ. ಬದಿಯ ಹಳಿಯಲ್ಲಿ ನಿಂತವರಿಗೂ ತಮ್ಮ ಕೈಮರ ಇಳಿಯುವದೆಂಬ ಭರವಸೆ ಇರಬೇಕು, ನ್ಯಾಯವೆಂದರೆ ಅಷ್ಟೇ.