ಗುಜರಿ ದುಡಿಮೆ: ಕೈಗವಸಿನ ಲೆಕ್ಕವನ್ನೂ ಬರೆದಿಡೋಣ

ತುಳುವಿನಲ್ಲಿ ‘ಬ್ಯಾರ’ ಎಂದರೆ ವ್ಯಾಪಾರ. ನಮ್ಮ ಸಮುದಾಯದ ಹೆಸರು ಅದರಿಂದಲೇ ಬಂತು ಎಂದು ಹೇಳುವವರಿದ್ದಾರೆ. ಮೀನು, ಅಡಿಕೆ, ಹಣ್ಣು, ಬಟ್ಟೆ ಎಂದು ಕರಾವಳಿಯಲ್ಲಿ ಬ್ಯಾರಿಗಳು ಕೈಹಾಕದ ವ್ಯಾಪಾರ ಕಡಿಮೆ. ಗುಜರಿಯೂ ಅದರಲ್ಲಿ ಒಂದು. ಬಿಸಿಲು ಮಳೆ ನೋಡದೆ ಮನೆಮನೆಗೆ ಹೋಗಿ ಹಳೆ ಪೇಪರ್, ತಗಡು, ಬಾಟ್ಲಿ ಕೊಂಡು ತಂದು, ಅದರಲ್ಲೇ ಮಕ್ಕಳನ್ನು ಓದಿಸಿ, ಹೆಣ್ಮಕ್ಕಳಿಗೆ ಮದುವೆ ಮಾಡಿಸಿದ ಕಾಕಂದಿರು ನಮ್ಮ ಎಷ್ಟೋ ಮೊಹಲ್ಲಾಗಳಲ್ಲಿ ಇದ್ದಾರೆ. ‘ಗುಜರಿಯವ’ ಎಂದು ಸಸಾರ ಮಾಡುವವರು ಪಚ್ಚನಾಡಿಯನ್ನು ನೆನಪು ಮಾಡಿಕೊಳ್ಳಲಿ. 2019ರ ಆಗಸ್ಟ್ ಮಳೆಗೆ ಅಲ್ಲಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ತೋಟಗಳ ಮೇಲೆಯೇ ಬಂತಲ್ಲ! ಗುಜರಿಯವರು ಎತ್ತದೆ ಬಿಟ್ಟಿದ್ದರೆ ಆ ಗುಡ್ಡ ಇನ್ನೂ ಎಷ್ಟು ಎತ್ತರ ಇರುತ್ತಿತ್ತೋ.

ಈ ವ್ಯಾಪಾರದಲ್ಲಿ ತಕ್ಕಡಿಯ ವಿಷಯ ನಾವು ಬಹಳ ಮಾತಾಡುತ್ತೇವೆ. ತೂಕದಲ್ಲಿ ಮೋಸ ಮಾಡುವವರಿಗೆ ಕುರ್‌ಆನ್ ಕೊಟ್ಟ ಎಚ್ಚರಿಕೆಯನ್ನು ಮದ್ರಸದ ಸಣ್ಣ ಮಕ್ಕಳೂ ಹೇಳುತ್ತಾರೆ. ಆದರೆ ಆ ತಕ್ಕಡಿಗೆ ಮಾಲು ಎತ್ತಿ ಹಾಕುವ ಕೈಯ ವಿಷಯ ಎಷ್ಟು ಮಾತಾಡಿದ್ದೇವೆ?

ನಮ್ಮಲ್ಲಿ ಕಲಿತು ಹೋದ ಒಬ್ಬ ಹುಡುಗ, ಇಪ್ಪತ್ತು ದಾಟಿದವ, ಒಂದು ಗುಜರಿ ಯಾರ್ಡಿನಲ್ಲಿ ಗ್ಯಾಸ್ ಕಟ್ಟಿಂಗ್ ಮಾಡುತ್ತಿದ್ದ. ಖಾಲಿ ಡ್ರಮ್ ಎಂದುಕೊಂಡು ಬೆಂಕಿ ಹಿಡಿದದ್ದೇ ತಡ, ಡ್ರಮ್ ಸಿಡಿಯಿತು. ಎಡಗೈಯ ಎರಡು ಬೆರಳು ಹೋಯಿತು, ಒಂದು ಕೆನ್ನೆ ಸುಟ್ಟಿತು. ಮಾಲಕರು ಕೆಟ್ಟವರಲ್ಲ, ಆಸ್ಪತ್ರೆಯ ಬಿಲ್ ಅವರೇ ಕಟ್ಟಿದರು. ಆದರೆ ಅವನು ಮನೆಯಲ್ಲಿ ಕೂತ ಮೂರು ತಿಂಗಳ ಅಕ್ಕಿ, ಬಾಡಿಗೆ ಯಾರದು ಎಂಬ ಮಾತು ಬಂದಾಗ ಸುತ್ತ ಕೂತವರೆಲ್ಲ ಒಂದೇ ಮಾತು: “ಅಲ್ಲಾಹನ ವಿಧಿ, ಉಸ್ತಾದರೆ. ನಾವೇನು ಮಾಡ್ಲಿಕ್ಕೆ ಆಗ್ತದೆ?”

ವಿಧಿಯ ಮೇಲೆ ವಿಶ್ವಾಸ ಈಮಾನಿನ ಭಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಟೆಯನ್ನು ಕಟ್ಟಬೇಕೋ, ಬಿಟ್ಟು ತವಕ್ಕುಲ್ ಮಾಡಬೇಕೋ ಎಂದು ಕೇಳಿದವರಿಗೆ ನಮ್ಮ ಪ್ರವಾದಿಯವರು (ಸ.ಅ.) ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂದೇ ಕಲಿಸಿದ್ದು. ಕೆಲಸದವರು ನಿಮ್ಮ ಸಹೋದರರು, ಅವರ ಶಕ್ತಿ ಮೀರಿದ ಭಾರ ಹಾಕಬೇಡಿ, ಹಾಕಿದರೆ ನೀವೂ ಕೈಜೋಡಿಸಿ ಎಂಬ ಹದೀಸ್ ಕೂಡ ಬುಖಾರಿಯಲ್ಲಿದೆ. ಕನ್ನಡಕ, ಕೈಗವಸು, ದಪ್ಪ ಅಡಿಯ ಬೂಟು ಕೊಡದೆ ಬೆಂಕಿಯ ಮುಂದೆ ನಿಲ್ಲಿಸಿದರೆ ಒಂಟೆ ಕಟ್ಟಿದ ಹಾಗಾಯಿತೇ? ವಿಧಿ ಎಂಬ ಮಾತನ್ನು ಪೆಟ್ಟು ತಿಂದವನು ಸಮಾಧಾನಕ್ಕೆ ಹೇಳಿಕೊಂಡರೆ ಒಪ್ಪೋಣ. ಹಣ ಕೊಡಬೇಕಾದವನು ಹೇಳಿದರೆ ಅದು ಬೇರೆಯೇ ಆಗುತ್ತದೆ.

ಡ್ರಮ್ಮಿನ ವಿಷಯ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಪೈಂಟ್, ಥಿನ್ನರ್, ಪೆಟ್ರೋಲ್, ಕೆಮಿಕಲ್ ತುಂಬಿದ್ದ ಡ್ರಮ್ ಕಣ್ಣಿಗೆ ಖಾಲಿ ಕಂಡರೂ ಒಳಗೆ ಆವಿ ನಿಂತಿರುತ್ತದೆ. ತುಂಬಿದ ಡ್ರಮ್ಮಿಗಿಂತ ಇಂಥ ಖಾಲಿ ಡ್ರಮ್ಮೇ ಹೆಚ್ಚು ಅಪಾಯ, ಯಾಕೆಂದರೆ ಆವಿಯೂ ಗಾಳಿಯೂ ಸೇರಿದಾಗ ಒಂದು ಕಿಡಿ ಸಾಕು. ಒಳಗೆ ಏನಿತ್ತು ಎಂದು ಗೊತ್ತಿಲ್ಲದ ಡ್ರಮ್ಮಿಗೆ ಬೆಂಕಿ ತೋರಿಸಲೇಬಾರದು. ಇಡೀ ಡ್ರಮ್ಮನ್ನೇ ಮಾರಿದರೆ ನಾಲ್ಕು ಕಾಸು ಕಡಿಮೆ ಸಿಗಬಹುದು, ಸಿಗಲಿ. ಆಕ್ಸಿಜನ್ ಸಿಲಿಂಡರಿನ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಮುಟ್ಟಿಸಬಾರದು. ಸಿಲಿಂಡರನ್ನು ನಿಲ್ಲಿಸಿ ಚೈನ್ ಹಾಕಿ ಕಟ್ಟಬೇಕು. ಮೊಬೈಲ್ ಬ್ಯಾಟರಿ, ಖಾಲಿ ಸೆಂಟ್ ಸ್ಪ್ರೇ ಡಬ್ಬಗಳನ್ನು ತಗಡಿನ ಜೊತೆ ಜಜ್ಜುವುದು, ಬೆಂಕಿಗೆ ಹಾಕುವುದು ಎರಡೂ ಬೇಡ.

ಏನೆಂದು ಗೊತ್ತಿಲ್ಲದ ವಸ್ತು ಬಿಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯ ಉದಾಹರಣೆ ಉಂಟು. 2010ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಬಳಕೆಯಿಲ್ಲದ ಒಂದು ಯಂತ್ರ ಹರಾಜಿನಲ್ಲಿ ಅಲ್ಲಿಗೆ ಬಂತು. ಒಳಗೆ ಕೋಬಾಲ್ಟ್–60 ಎಂಬ ವಿಕಿರಣ ವಸ್ತು ಇತ್ತು. ಕೆಲಸದವರು ಅದನ್ನು ಬಿಚ್ಚಿ ತುಂಡು ಮಾಡಿದರು. ವಾಂತಿ, ಮೈ ಕಪ್ಪಾಗುವುದು ಶುರುವಾದ ಮೇಲಷ್ಟೇ ಸಂಗತಿ ಹೊರಬಿತ್ತು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಮಾರಿದ್ದು ಓದಿದವರ ಸಂಸ್ಥೆ, ಸತ್ತದ್ದು ಗುಜರಿಯವನು. ಆಸ್ಪತ್ರೆ, ಲ್ಯಾಬ್, ಕಾರ್ಖಾನೆಯ ಭಾರದ ಪೆಟ್ಟಿಗೆಗಳು ಬಂದಾಗ, ಮೂರು ರೆಕ್ಕೆಯ ವಿಕಿರಣ ಗುರುತು ಕಂಡರೆ, ಸುತ್ತಿಗೆ ಕೆಳಗಿಟ್ಟು ಎಲ್ಲರನ್ನೂ ದೂರ ಕಳಿಸಿ ಪೊಲೀಸರಿಗೆ ಫೋನ್ ಮಾಡಬೇಕು.

ಇನ್ನು ಮನೆಯ ಉಮ್ಮಂದಿರು ಗಮನಿಸಬೇಕಾದ ಒಂದು ವಿಷಯ, ನಮಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವಂಥದ್ದು. ವಾಹನಗಳ ಹಳೆ ಬ್ಯಾಟರಿ ಒಡೆದರೆ ಆ್ಯಸಿಡ್ ಮಾತ್ರ ಅಲ್ಲ, ಸೀಸದ ಧೂಳೂ ಏಳುತ್ತದೆ. ಆ ಧೂಳು ಅಂಗಡಿಯಲ್ಲಿ ನಿಲ್ಲುವುದಿಲ್ಲ. ಶರ್ಟಿನಲ್ಲಿ, ಕೂದಲಲ್ಲಿ, ಚಪ್ಪಲಿಯಲ್ಲಿ ಮನೆಗೆ ಬರುತ್ತದೆ. ಬಾಪ ಬಂದ ಕೂಡಲೇ ಮಗು ಓಡಿ ಹೋಗಿ ತೊಡೆ ಏರುತ್ತದೆ, ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ದೊಡ್ಡವರಿಗೆ ಹೊಟ್ಟೆನೋವು, ರಕ್ತ ಕಡಿಮೆ, ಸುಸ್ತು ಎಂದು ಕಾಣಿಸುವ ಸೀಸ, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಹಿಡಿದು ನಿಲ್ಲಿಸುತ್ತದೆ, ಅದೂ ಯಾವ ಲಕ್ಷಣವೂ ತೋರಿಸದೆ. ‘ಪಾಠ ತಲೆಗೆ ಹೋಗುವುದಿಲ್ಲ’ ಎಂದು ಮಗುವನ್ನು ಗದರಿಸುವ ಮೊದಲು ಬಾಪನ ಕೆಲಸ ಏನು ಎಂದು ಕೇಳಬೇಕಾದ ಸಂದರ್ಭವೂ ಇರಬಹುದು. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಎನ್ನುತ್ತಾರೆ, ಸೀಸಕ್ಕೆ ಬೆಲ್ಲ ಮದ್ದಲ್ಲ. ಬ್ಯಾಟರಿ ಒಡೆಯಬೇಡಿ. ನೋಂದಾಯಿತ ಮರುಬಳಕೆದಾರರಿಗೇ ಅದು ಹೋಗಬೇಕು ಎಂದು ಕಾನೂನು ಉಂಟು. ಕೆಲಸದ ಬಟ್ಟೆ ಅಂಗಡಿಯಲ್ಲೇ ಬದಲಿಸಿ, ಮೈ ತೊಳೆದು ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ. ಸಂಶಯವಿದ್ದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಡಾಕ್ಟರರಲ್ಲಿ ಕೇಳಿ. ತಾಮ್ರಕ್ಕಾಗಿ ವಯರ್ ಸುಡುವ ಹೊಗೆಯೂ ಇಷ್ಟೇ ಕೆಟ್ಟದ್ದು, ಸುಲಿದು ತೆಗೆಯುವುದೇ ಸರಿ.

ಗುಜರಿ ಅಂಗಡಿ ಇಲ್ಲದ ಮನೆಯವರಿಗೆ ಇದೆಲ್ಲ ಯಾಕೆ ಎನ್ನಬೇಡಿ. ಬೆಳಿಗ್ಗೆ ಕಸದ ಗಾಡಿಗೆ ನಾವು ಕೊಡುವ ಚೀಲದೊಳಗೆ ಕೈಹಾಕುವವನೂ ಒಬ್ಬ ಉಮ್ಮನ ಮಗನೇ. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವ ಮನೆಗಳಿಗೇನೂ ಬರವಿಲ್ಲ. ಇನ್ಸುಲಿನ್ ಸೂಜಿಯನ್ನು ಸೀದಾ ಚೀಲಕ್ಕೆ ಹಾಕಿದರೆ ಅದು ಯಾರದೋ ಅಂಗೈಗೆ ಚುಚ್ಚುತ್ತದೆ, ಹೆಪಟೈಟಿಸ್–ಬಿಯಂಥ ರೋಗ ಒಂದು ಚುಚ್ಚಿನಿಂದಲೇ ದಾಟುತ್ತದೆ. ದಪ್ಪ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿದು, ‘ಸೂಜಿ ಉಂಟು’ ಎಂದು ಹೇಳಿ ಕೊಡಿ. ಒಡೆದ ಗ್ಲಾಸ್, ಬ್ಲೇಡುಗಳನ್ನು ಪೇಪರಿನಲ್ಲಿ ಸುತ್ತಿ. ಪ್ಯಾಡ್, ಡೈಪರ್ ಬೇರೆ ಪೊಟ್ಟಣ. 2016ರ ಘನತ್ಯಾಜ್ಯ ನಿಯಮಗಳು ಮನೆಯವರು ಕಸ ವಿಂಗಡಿಸಿ ಕೊಡಬೇಕು ಎಂದದ್ದು ಮಾತ್ರ ಅಲ್ಲ, ಕಸ ಮುಟ್ಟುವ ಕೆಲಸದವರಿಗೆ ಕೈಗವಸು, ಮಾಸ್ಕ್, ಬೂಟು, ರೈನ್‌ಕೋಟ್, ಮಿನುಗುವ ಜಾಕೆಟ್ ಕೊಡಬೇಕು ಎಂದೂ ಹೇಳಿದ್ದವು. ನಿಮ್ಮ ಬೀದಿಗೆ ಬರುವವರ ಕೈಯಲ್ಲಿ ಅದು ಇಲ್ಲದಿದ್ದರೆ ವಾರ್ಡಿನ ಸದಸ್ಯರನ್ನು ಕೇಳುವುದು ನಮ್ಮ ಕೆಲಸ. ಕುರ್ಬಾನಿಯ ದಿನ, ನೇರ್ಚೆಯ ದಿನ ರಸ್ತೆ ಬದಿಯ ಚೀಲಗಳ ಕತೆ ಬರೆಯಲು ನಮಗೇ ನಾಚಿಕೆ. ಮದೀನದ ಮಸೀದಿ ಗುಡಿಸುತ್ತಿದ್ದ ಒಬ್ಬ ಮಹಿಳೆ ತೀರಿಹೋದದ್ದನ್ನು ಸಹಾಬಿಗಳು ದೊಡ್ಡ ವಿಷಯವಲ್ಲ ಎಂದು ತಿಳಿಸಿರಲಿಲ್ಲ. ಪ್ರವಾದಿಯವರು (ಸ.ಅ.) ಆಕೆಯನ್ನು ಕೇಳಿ, ಖಬರ್ ಎಲ್ಲಿ ಎಂದು ತಿಳಿದು, ಅಲ್ಲಿಗೆ ಹೋಗಿ ನಮಾಝ್ ಮಾಡಿದರು.

ಅಂಗಡಿ ಇಟ್ಟವರಲ್ಲಿ ಇನ್ನೊಂದು ಬಿನ್ನಹ, ಹುಡುಗರ ವಿಷಯ. ಹತ್ತನೇ ತರಗತಿ ಫೇಲಾದ ಕೂಡಲೇ ‘ಕಾಕನ ಅಂಗಡಿಯಲ್ಲಿ ನಿಲ್ಲಲಿ’ ಎಂದು ಕಳಿಸುವುದುಂಟು. 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನು 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾನೂನು ತಡೆಯುತ್ತದೆ. ಸಂಬಂಧಿಕನಾದರೆ ತಗಡು ಮೆತ್ತಗೆ ಆಗುವುದಿಲ್ಲ. ಲೋಡಿನ ಮೇಲೆ ಹುಡುಗರನ್ನು ಕೂರಿಸಿ ಲಾರಿ ಬಿಡುವುದು, ಹಿಂದೆ ನೋಡಲು ಯಾರೂ ಇಲ್ಲದೆ ಲಾರಿ ರಿವರ್ಸ್ ತೆಗೆಯುವುದು ಕೂಡ ನಿಲ್ಲಬೇಕು.

ಮಳೆಗಾಲಕ್ಕೆ ಮೊದಲು ಜಮಾಅತ್ ಕಮಿಟಿಗಳು ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಎಷ್ಟೋ ಆಗುತ್ತದೆ. ಯಾರ್ಡಿನ ಟಯರುಗಳಲ್ಲಿ ನಿಂತ ನೀರು ಚೆಲ್ಲಿ ಮೇಲೆ ಟಾರ್ಪಾಲ್ ಹಾಕಿಸುವುದು ಡೆಂಗಿಗೆ. ಕಾಲಿನ ಗಾಯ ಮುಚ್ಚಿ ಬೂಟು ಹಾಕಿಸುವುದು ಇಲಿಜ್ವರಕ್ಕೆ. ಸರಕಾರಿ ಆರೋಗ್ಯ ಕೇಂದ್ರದವರನ್ನು ಕರೆಸಿ ಟಿಟಿ, ಹೆಪಟೈಟಿಸ್–ಬಿ ಚುಚ್ಚುಮದ್ದಿನ ಬಗ್ಗೆ ಕೇಳಿ. ಹೆಪಟೈಟಿಸ್–ಬಿ ಮೂರು ಸಲ ಹಾಕಿಸಬೇಕು, ಒಂದು ಹಾಕಿಸಿ ಮರೆತರೆ ಸಾಲದು. ಅದೇ ದಿನ ಇ–ಶ್ರಮ್ ನೋಂದಣಿಯನ್ನೂ ಮಾಡಿಸಬಹುದು, ಹಣ ಕೊಡಬೇಕಾಗಿಲ್ಲ. ವಿಮೆಯ ಮಸ್ಅಲ ಬೇರೆ, ಅದನ್ನು ನಿಮ್ಮ ಖತೀಬರಲ್ಲಿ ಕೇಳಿ. ನೋಂದಣಿಗೆ ಬರುವ ಹುಡುಗರಿಗೆ ಆಧಾರ್ ಕಾರ್ಡ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್ ತರಲು ಮೊದಲೇ ಹೇಳಿಡಿ.